ಹೆಬ್ಬೆರಳಿನಲ್ಲಿ ಮನೆ ಮಾಡಿದ ಮರಳು ಚಿಗಟಮ್ಮನವರಿಗೆ

ಮಾನ್ಯರೇ,

ಸಾಸಿವೆ ಕಾಳಿನ ಮರೆಯಲ್ಲಿ ನಿಂತರೆ ಕಾಣಿಸದಷ್ಟು ಸಣ್ಣವರಾಗಿದ್ದರೂ ಬೀದಿಗೆ ಬೀದಿಯನ್ನೇ ಕುಂಟಿಸಬಲ್ಲ ತಮ್ಮ ಆರೂ ಪಾದಗಳಿಗೆ ಈ ಬೀದಿಯ ದರ್ಜಿಯ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾವು ಕ್ಷೇಮವಿಲ್ಲ, ಆ ಕುರಿತೇ ಈ ಪತ್ರ.

ಪಕ್ಕದ ಮನೆಯವರು ಮಹಡಿ ಕಟ್ಟಿಸುತ್ತೇವೆಂದು ನಮ್ಮ ಅಂಗಡಿಯ ಬಾಗಿಲಲ್ಲಿ ಮರಳು ಸುರಿಸಿ, ಆಮೇಲೆ ಮಹಡಿಯನ್ನು ಕೈಬಿಟ್ಟು ಮರಳನ್ನು ಮಾತ್ರ ನಮಗೆ ಉಳಿಸಿದ್ದು, ಅದರ ಮೇಲೆ ಬೀದಿನಾಯಿಗಳು ಹಗಲೆಲ್ಲ ಹೊರಳಾಡುವುದು, ತಾವು ಆ ಗುಡ್ಡೆಯಲ್ಲೇ ಹುಟ್ಟಿ ಬೆಳೆದದ್ದು, ಇವೆಲ್ಲ ತಮಗೇ ತಿಳಿದ ಸಂಗತಿ. ಅಂಗಡಿಯೊಳಗೆ ನಾನು ಮಿಷನ್ ತುಳಿಯುತ್ತೇನೆ, ನನ್ನ ಮನೆಯವಳು ಕೆಳಗೆ ಚಾಪೆಯ ಮೇಲೆ ಕಾಲು ಚಾಚಿ ಕಾಜಾ ಹೊಲಿದು ಗುಂಡಿ ಹಾಕುತ್ತಾಳೆ. ನಾಯಿಗಳದ್ದೂ ಗಿರಾಕಿಗಳದ್ದೂ ಸೇರಿ ಅಷ್ಟೊಂದು ಕಾಲುಗಳು ಎದುರಿಗಿದ್ದರೂ ತಾವು ಆರಿಸಿಕೊಂಡದ್ದು ಅವಳ ಬಲಗಾಲಿನ ಹೆಬ್ಬೆರಳನ್ನು, ಅದರಲ್ಲೂ ಉಗುರಿನ ಅಂಚನ್ನು. ತಮ್ಮ ಆಯ್ಕೆಯಲ್ಲಿ ನಾನು ಕುಂದು ಹುಡುಕಲಾರೆ, ಏಕೆಂದರೆ ಮೂವತ್ತು ವರ್ಷದ ಹಿಂದೆ ನಾನೂ ಅವಳನ್ನೇ ಆರಿಸಿಕೊಂಡವನು.

ತಾವು ಒಳಹೊಕ್ಕ ರೀತಿಯಂತೂ ಮೆಚ್ಚತಕ್ಕದ್ದು. ಸದ್ದಿಲ್ಲ, ಗದ್ದಲವಿಲ್ಲ. ತಲೆಯನ್ನು ಒಳಗೆ ಹುದುಗಿಸಿ, ಉಸಿರಾಟಕ್ಕೂ ಮೊಟ್ಟೆ ಉದುರಿಸುವುದಕ್ಕೂ ಹಿಂಭಾಗವೊಂದನ್ನೇ ಹೊರಗಿಟ್ಟು, ಹತ್ತೇ ದಿನದಲ್ಲಿ ಬಟಾಣಿಯಷ್ಟು ಊದಿ, ನಡುವೆ ಕಪ್ಪು ಚುಕ್ಕೆಯಿಟ್ಟುಕೊಂಡು ಕುಳಿತಿರಿ. ಲೋಕಕ್ಕೆ ಹೀಗೆ ಹಿಂಭಾಗ ತೋರಿಸಿಕೊಂಡು ನೆಮ್ಮದಿಯಾಗಿ ಬದುಕುವ ಯೋಗ ನಮ್ಮಂಥ ಅಂಗಡಿಯವರಿಗೆಲ್ಲಿ ಬರಬೇಕು.

ಇಲ್ಲಿ ನನ್ನ ಬಗ್ಗೆಯೂ ನಾಲ್ಕು ಮಾತು ಹೇಳಲೇಬೇಕು. ತಮ್ಮ ವಂಶದವರನ್ನು ಕಾಲಿನಿಂದ ಎತ್ತುವುದರಲ್ಲಿ ಈ ಬೀದಿಗೆ ನಾನೇ ಹೆಸರುವಾಸಿ. ಅಂಚೆಯವರು, ಇಸ್ತ್ರಿಯವರು, ಮೇಷ್ಟರ ತಾಯಿ, ಎಲ್ಲರೂ ನನ್ನ ಸ್ಟೂಲಿನ ಮೇಲೆ ಕಾಲಿಟ್ಟವರೇ. ಮೊದಲು ನೀಲಿ ಚಾಕಿನಿಂದ ಚುಕ್ಕೆಯ ಸುತ್ತ ಗುಂಡಗೆ ಗುರುತು ಹಾಕುವುದು, ಆಮೇಲೆ ಪಿನ್ನು ಚುಚ್ಚುವ ಮೆತ್ತೆಯಿಂದ ಸೂಜಿ ಕಿತ್ತು ನನ್ನ ತಲೆಗೂದಲಿಗೆ ಎರಡು ಸಲ ಸವರುವುದು. ಹಾಗೆ ಎಣ್ಣೆ ಹಿಡಿದ ಸೂಜಿ ದಪ್ಪ ಕೋಟಿನ ಬಟ್ಟೆಯಲ್ಲೇ ಸರಾಗವಾಗಿ ಇಳಿಯುವಾಗ ಕಾಲಿನಲ್ಲಿ ಇಳಿಯದೇ ಇದ್ದೀತೆ ಎಂಬುದು ನನ್ನ ಶಾಸ್ತ್ರವಾಗಿತ್ತು. ಎಲ್ಲರ ಕಾಲಿಗೂ ಒಂದೇ ಸೂಜಿ. ಅದನ್ನು ಕುದಿಯುವ ನೀರಿಗೆ ಹಾಕಿದರೆ ಮೊನೆಯ ಹದ ಕೆಡುತ್ತದೆಂದು ಬೇರೆ ಉಪದೇಶ ಮಾಡುತ್ತಿದ್ದೆ.

ಅಂಥ ಸೂಜಿಯಿಂದಲೇ ತಮ್ಮನ್ನೂ ಬೀಳ್ಕೊಟ್ಟೆ. ಆದರೆ ತಾವು ಖಾಲಿ ಮಾಡಿದ ಜಾಗಕ್ಕೆ ಬಂದು ತುಂಬಿಕೊಂಡ ಬ್ಯಾಕ್ಟೀರಿಯಾ ಎಂಬವರಿಗೆ ತಮ್ಮಲ್ಲಿರುವ ಸಂಕೋಚದ ಒಂದಂಶವೂ ಇಲ್ಲವೆಂಬುದು ನನ್ನ ಮುಖ್ಯ ದೂರು. ಮೂರನೆಯ ದಿನ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು, ಉಗುರಿನಡಿಯಿಂದ ಕೀವು ಇಳಿಯಿತು, ಮೈ ಕೆಂಡವಾಯಿತು, ಮೀನಖಂಡದವರೆಗೆ ಕೆಂಪು ಗೆರೆಯೊಂದು ನಾನೇ ಚಾಕಿನಲ್ಲಿ ಎಳೆದಷ್ಟು ನೇರವಾಗಿ ಏರಿತು. ನನಗೆ ಆಗ ನಿಜವಾಗಿ ಭಯವಾಯಿತು.

ಆರೋಗ್ಯ ಕೇಂದ್ರದ ನರ್ಸಮ್ಮ ಬೆರಳನ್ನು ನೋಡಿದವರೇ, "ಬರೀ ಚಿಗಟದಿಂದ ಇಷ್ಟು ಆಗಲ್ಲ, ಇದನ್ನ ಕೆದಕಿದ್ದು ಯಾರು, ಯಾವ ಸೂಜಿಯಲ್ಲಿ?" ಎಂದು ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿ ತಲೆಗೂದಲಿಗೆ ಹೋಯಿತು. ಅಷ್ಟರಲ್ಲಿ ನನ್ನ ಮನೆಯವಳು, "ನಾನೇ ಕೆದಕಿಕೊಂಡೆ ತಾಯಿ, ನವೆ ತಡೆಯೋಕಾಗಲಿಲ್ಲ" ಎಂದುಬಿಟ್ಟಳು. ನಾನು ಗೋಡೆಗೆ ಅಂಟಿಸಿದ್ದ ಲಸಿಕೆಯ ಪಟ್ಟಿ ಓದತೊಡಗಿದೆ. ನರ್ಸಮ್ಮ ಗಾಯ ತೊಳೆದು, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆಸಿ, "ಇನ್ನೆರಡು ದಿನ ಬಿಟ್ಟು ಬಂದಿದ್ರೆ ಬೆರಳೇ ತೆಗೀಬೇಕಾಗ್ತಿತ್ತು" ಎಂದು ಅವಳನ್ನೇ ಬೈದರು. ನನ್ನ ಪಾಲಿನ ಬೈಗುಳವನ್ನೂ ಅವಳೇ ತಿಂದಳು. ಬೆರಳು ಉಳಿಯಿತು, ಉಗುರು ಹೋಯಿತು.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳು. ಇನ್ನು ಮುಂದೆ ತಾವು ಯಾರ ಕಾಲಿಗೆ ಬಂದರೂ ಹಿಂದೆ ಬರುವವರಿಗೆ ಹೊಸ್ತಿಲಲ್ಲೇ ಸೋಪು ಹಾಕಿ ಕೈಕಾಲು ತೊಳೆಯಲು ಹೇಳತಕ್ಕದ್ದು. ತಮ್ಮ ಕಪ್ಪು ಚುಕ್ಕೆಯ ಪಕ್ಕದಲ್ಲಿ "ದರ್ಜಿಗಳಿಗೆ ಪ್ರವೇಶವಿಲ್ಲ" ಎಂಬ ಫಲಕವನ್ನು, ಕನ್ನಡಕ ಹಾಕಿದವರಿಗೂ ಕಾಣುವ ಅಕ್ಷರಗಳಲ್ಲಿ ತೂಗುಹಾಕತಕ್ಕದ್ದು. ಕೆದಕುವ ಗೋಜೇ ಇಲ್ಲದೆ ತಮ್ಮ ಉಸಿರು ಕಟ್ಟಿಸುವ ಒಂದು ಬಗೆಯ ಎಣ್ಣೆಯ ಹನಿ ಅದೇ ಕೇಂದ್ರದಲ್ಲಿ ಸಿಗುತ್ತದಂತೆ. ಈ ಮಾತನ್ನು ತಾವು ಮೊದಲೇ ತಿಳಿಸಿದ್ದರೆ ಎಷ್ಟು ಉಪಕಾರವಾಗುತ್ತಿತ್ತು.

ಕೊನೆಯದಾಗಿ ಒಂದು ಮಾತು. ನನ್ನ ಕೈಬರಹ ನನಗೇ ಓದಲು ಬಾರದ ಕಾರಣ ಈ ಪತ್ರವನ್ನು ನಾನು ಮಿಷನ್ ತುಳಿಯುತ್ತ ಹೇಳುತ್ತಿದ್ದೇನೆ, ನನ್ನ ಮನೆಯವಳು ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಬರೆಯುತ್ತಿದ್ದಾಳೆ. ಹೆಂಡತಿಯ ಮುಖ ನೋಡಿ ಹೇಳಲಾಗದ್ದನ್ನು ಚಿಗಟಕ್ಕಾದರೂ ಹೇಳಬಹುದೆಂಬ ಧೈರ್ಯದಿಂದಲೇ ನಾನು ತಮಗೆ ಬರೆಸಲು ಕುಳಿತದ್ದು. ಆ ದಿನ ತಾವು ಇಡಿಯಾಗಿ ಹೊರಗೆ ಬರಲಿಲ್ಲ. ಸೂಜಿಯ ಮೊನೆಯಲ್ಲಿ ಒಡೆದುಹೋಗಿ ಅರ್ಧ ಒಳಗೇ ಉಳಿದಿರಿ. ಅದನ್ನು ಕಂಡೂ ನಾನು ನನ್ನ ಹೆಸರು ಉಳಿಸಿಕೊಳ್ಳಲು "ಬಂತು, ಪೂರ್ತಿ ಬಂತು" ಎಂದು ಅವಳಿಗೆ ಸುಳ್ಳು ಹೇಳಿದೆ. ತಪ್ಪು ತಮ್ಮದಲ್ಲ, ನನ್ನದು. ನಾಚಿಕೆಯಾಗುತ್ತಿದೆ.

ತಮ್ಮ ವಿಶ್ವಾಸಿ,
ಕಾಲಿನ ಕೆಲಸ ಬಿಟ್ಟ ದರ್ಜಿ

ವಿ.ಸೂ.: ಇದು ಬರೆದುಕೊಟ್ಟವಳ ಸ್ವಂತ ಮಾತು. ಅರ್ಧ ಒಳಗೇ ಉಳಿದದ್ದು ನನಗೆ ಆ ಕ್ಷಣವೇ ಗೊತ್ತಾಗಿತ್ತು, ಕಾಲು ನನ್ನದು. ನಾನು ನಂಬಿ ಕೆಟ್ಟೆನೆಂದು ಇವರು ಕೊರಗುವುದು ಬೇಡ. ಇವರು "ಪೂರ್ತಿ ಬಂತು" ಎಂದದ್ದು, ಇನ್ನೂ ಕತ್ತರಿಸದೇ ಇರುವ ಬಟ್ಟೆಗೆ ಗಿರಾಕಿಗಳ ಹತ್ತಿರ "ನಾಳೆ ಬನ್ನಿ, ರೆಡಿ ಇರುತ್ತೆ" ಎನ್ನುವ ಅದೇ ದನಿಯಲ್ಲಿ.