ಮಂತ್ರಿಗಳು ಕೊಟ್ಟ ನೇರ ಉತ್ತರ

ಟಿವಿ ನೋಡುವುದಕ್ಕೆ ವರ್ಷಕ್ಕೆ ನೂರ ನಲವತ್ತೈದೂವರೆ ಪೌಂಡು ಲೈಸೆನ್ಸ್ ದುಡ್ಡು. ಅದರ ಮೇಲೆ ಕರೆಂಟು. ಕೂತು ನೋಡುವ ಸೋಫಾಕ್ಕೆ ಹೊಸ ಸ್ಪ್ರಿಂಗ್ ಹಾಕಿಸಿದ್ದಕ್ಕೆ ಮೂವತ್ತು. ಇಷ್ಟೆಲ್ಲ ತೆತ್ತ ಬ್ರಯನ್ ಟಾಟರ್ಸಾಲ್‌ಗೆ ಸಿಗುತ್ತಿದ್ದದ್ದು ದಿನಾ ಬೆಳಿಗ್ಗೆ ಅರ್ಧ ಗಂಟೆ ಮಂತ್ರಿಗಳನ್ನು ಬೈಯುವ ಸುಖ. ದಿನಕ್ಕೆ ಐವತ್ತು ಪೆನ್ಸ್ ಬಿದ್ದರೆ ಹೆಚ್ಚು. ಪಬ್ಬಿನಲ್ಲಿ ಒಂದು ಲೋಟ ಬಿಯರಿಗೆ ಎರಡೂವರೆ ಪೌಂಡು ಕೊಟ್ಟು ಕುಡಿದು ಬೈದರೂ ಮನಸ್ಸು ಇಷ್ಟು ಹಗುರಾಗುವುದಿಲ್ಲ ಎಂಬುದು ಅವನ ವಾದ.

ಹೊಸ ಸಮ್ಮಿಶ್ರ ಸರ್ಕಾರ ಬಂದ ಮೇಲಂತೂ ಕೊಟ್ಟ ದುಡ್ಡಿಗೆ ಇಮ್ಮಡಿ ಮಾಲು ಸಿಗತೊಡಗಿತ್ತು. ಮೊದಲು ಒಬ್ಬ ಮಂತ್ರಿ ನಿಂತು ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಈಗ ನೀಲಿ ಪಕ್ಷದವನೊಬ್ಬ, ಹಳದಿ ಪಕ್ಷದವನೊಬ್ಬ, ಇಬ್ಬರೂ ಪಕ್ಕಪಕ್ಕ ನಿಂತು ಉತ್ತರ ಕೊಡುತ್ತಿರಲಿಲ್ಲ. ಹೊಸದಾಗಿ ಮದುವೆಯಾದವರ ಹಾಗೆ ಒಬ್ಬ ಶುರು ಮಾಡಿದ ಮಾತನ್ನು ಇನ್ನೊಬ್ಬ ಮುಗಿಸುವುದು, ಮುಗಿಸಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುವುದು.

ಆ ಗುರುವಾರ ಬೆಳಿಗ್ಗೆಯೂ ಹಾಗೇ ಆಯಿತು. ನೀಲಿ ಪಕ್ಷದ ಮಂತ್ರಿ ಪೆನ್‌ಹಾಲೋ ಸಾಹೇಬರು ಟಿವಿಯಲ್ಲಿ ಕೂತಿದ್ದರು. ಮುದುಕರಿಗಾಗಿ ನಡೆಯುವ ಊಟದ ಕ್ಲಬ್‌ಗಳನ್ನು ಮುಚ್ಚುತ್ತೀರೋ ಇಲ್ಲವೋ ಎಂದು ವರದಿಗಾರ್ತಿ ಕೇಳಿದಳು.

"ನೋಡಿ, ಇದು ಬಹಳ ಮುಖ್ಯವಾದ ಪ್ರಶ್ನೆ. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ನಿಜವಾಗ್ಲೂ ಸಂತೋಷ ಆಯ್ತು" ಎಂದರು ಮಂತ್ರಿಗಳು.

"ಸಂತೋಷ ಆಮೇಲೆ ಪಡು! ಹೌದೋ ಇಲ್ವೋ? ಒಂದೇ ಒಂದು ಮಾತು ಹೇಳೋಕೆ ನಿನ್ನ ಗಂಟೇನು ಹೋಗುತ್ತೆ?" ಎಂದು ಬ್ರಯನ್ ಟೋಸ್ಟ್ ಹಿಡಿದ ಕೈಯನ್ನೇ ಎತ್ತಿ ಕೂಗಿದ. ಬೆಣ್ಣೆ ಟಿವಿ ಪರದೆಗೆ ಹಾರಿತು.

"ಬಟ್ಟೆ ತಗೊಂಡು ಒರೆಸು" ಎಂದಳು ಅಡುಗೆಮನೆಯಿಂದ ಹೆಂಡತಿ ಡೋರೀನ್. ಅವಳ ದನಿಯಲ್ಲಿ ಎಂದಿನ ಚೂಪು ಇರಲಿಲ್ಲ. ಬೀದಿಯ ಕೊನೆಯ ಪುಟ್ಟ ಚರ್ಚು, ಚಾಪೆಲ್‌ನ ಹಾಲ್‌ನಲ್ಲಿ ಊರಿನ ಕೌನ್ಸಿಲ್ ನಡೆಸುತ್ತಿದ್ದ ಊಟದ ಕ್ಲಬ್ಬಿಗೆ ಅವಳೇ ಅಡುಗೆಯವಳು. ಮಂಡಿ ಸವೆದು ಬಸ್ಸು ಓಡಿಸುವ ಕೆಲಸ ಬಿಟ್ಟ ಮೇಲೆ ಬ್ರಯನ್‌ನ ಪಿಂಚಣಿ ಮನೆ ಬಾಡಿಗೆಗೆ ಸರಿಹೋಗುತ್ತಿತ್ತು. ಮಿಕ್ಕಿದ್ದೆಲ್ಲ ಡೋರೀನಳ ಸಂಬಳದಲ್ಲಿ ನಡೆಯಬೇಕು. ಕ್ಲಬ್ಬು ಮುಚ್ಚುತ್ತದಂತೆ ಎಂಬ ಸುದ್ದಿ ಹಬ್ಬಿ ಎರಡು ವಾರವಾಗಿತ್ತು. ಕೌನ್ಸಿಲ್‌ನವರನ್ನು ಕೇಳಿದರೆ ಸರ್ಕಾರದ ಕಡೆ ಕೈ ತೋರಿಸುತ್ತಿದ್ದರು, ಸರ್ಕಾರವನ್ನು ಕೇಳಿದರೆ ಅದಕ್ಕೆ ಸಂತೋಷವಾಗುತ್ತಿತ್ತು.

ಟ್ಯಾನರಿ ಬೀದಿಯ ಮನೆಗಳ ಗೋಡೆ ಬಿಸ್ಕತ್ತಿನಷ್ಟು ತೆಳು. ಬ್ರಯನ್ ಕೂಗಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಮಿಸೆಸ್ ಕ್ಲಫ್, ಎಂಬತ್ತು ದಾಟಿದ ಮುದುಕಿ, ಕೋಲೂರಿಕೊಂಡು ಬಾಗಿಲಿಗೆ ಬಂದಳು. ಅವಳ ಹಿಂದೆ ಎದುರು ಮನೆಯ ಮಾಲ್ಕಮ್.

"ಕೇಳಿಸ್ತು ಮಗಾ" ಎಂದಳು ಮುದುಕಿ. "ಚೆನ್ನಾಗಿ ಕೇಳಿದೆ. ಆದ್ರೆ ಡಬ್ಬಿಯೊಳಗಿರೋನಿಗೆ ಕೇಳಿಸಲ್ವಲ್ಲ? ಅವನು ಇವತ್ತು ನಮ್ಮೂರಿಗೇ ಬರ್ತಾನಂತೆ, ಬಿಸ್ಕತ್ ಕಾರ್ಖಾನೆಯ ಹೊಸ ಕಟ್ಟಡ ತೆರೆಯೋಕೆ. ಎದುರಿಗೆ ನಿಂತು ಕೇಳು ಹೋಗು."

"ನಾನಾ? ನಾನ್ಯಾಕೆ ಮಿಸೆಸ್ ಕ್ಲಫ್?"

"ಯಾಕೆ ಅಂದ್ರೆ ಬೀದಿಗೆಲ್ಲ ನಿನ್ನದೇ ಗಂಟಲು ದೊಡ್ಡದು" ಎಂದ ಮಾಲ್ಕಮ್. "ಆರು ವಾರದಿಂದ ನನ್ನ ನಾಯಿ ನಿನ್ನ ದನಿ ಕೇಳಿ ಹೊರಗೆ ಬರೋದನ್ನೇ ಬಿಟ್ಟಿದೆ. ಅಷ್ಟು ಶಕ್ತಿ ಸುಮ್ನೆ ಹಾಳಾಗಬಾರದು."

ಬ್ರಯನ್ ಹೆಂಡತಿಯ ಕಡೆ ನೋಡಿದ. ಇಲ್ಲ ಅನ್ನಲಿ ಎಂಬ ಆಸೆ. ಡೋರೀನ್ ಅವನ ಕೋಟು ತಂದು ಕೈಗಿಟ್ಟಳು.

"ಸುತ್ತಿ ಬಳಸಿ ಕೇಳಬೇಡ ಬ್ರಯನ್. ಮುಚ್ಚುತ್ತೀರೋ ಇಲ್ವೋ. ಅಷ್ಟೇ ಕೇಳಿಕೊಂಡು ಬಾ. ನನಗೆ ಅಷ್ಟು ಗೊತ್ತಾದ್ರೆ ಸಾಕು, ನಿದ್ದೆ ಮಾಡ್ತೀನಿ."

ಕಾರ್ಖಾನೆಯ ಗೇಟಿನ ಮುಂದೆ ಜಿನುಗು ಮಳೆ. ಪ್ರತಿಭಟಿಸಲು ಬಂದವರು ಇಪ್ಪತ್ತು ಮಂದಿ ಇದ್ದರು. ಪೊಲೀಸಿನವನು ಒಂದು ಹಗ್ಗ ತೋರಿಸಿ, "ದಯವಿಟ್ಟು ಇದರ ಹಿಂದೆ ನಿಂತು ಸಿಟ್ಟು ಮಾಡಿಕೊಳ್ತೀರಾ?" ಎಂದು ಕೇಳಿದ. "ಅದಕ್ಕೇನಂತೆ" ಎಂದು ಎಲ್ಲರೂ ಹಗ್ಗದ ಹಿಂದೆ ನಿಂತರು. ಅಲ್ಲಿಂದ ಮಂತ್ರಿಗಳ ಕಾರಿನ ಹಿಂಭಾಗ ಮಾತ್ರ ಕಾಣುತ್ತಿತ್ತು.

"ಇಲ್ಲಿಂದ ಕೂಗಿದ್ರೆ ಕಾರಿಗೆ ಮಾತ್ರ ಕೇಳುತ್ತೆ" ಎಂದ ಮಾಲ್ಕಮ್. "ಪಕ್ಕದ ಬಾಗಿಲಿಂದ ದಾರಿ ಇದೆಯಾ ನೋಡಿ ಬಾ."

ಬ್ರಯನ್ ಪಕ್ಕದ ಓಣಿಗೆ ತಿರುಗಿದ. ಅಲ್ಲೊಂದು ಸಾಲು ಇತ್ತು. ಆ ದೇಶದಲ್ಲಿ ಹುಟ್ಟಿ ಬೆಳೆದವನು ಹರಿಯುವ ಹೊಳೆಯನ್ನಾದರೂ ದಾಟಿಯಾನು, ನಿಂತಿರುವ ಸಾಲನ್ನು ದಾಟಿ ಮುಂದೆ ಹೋಗಲಾರ. ಬ್ರಯನ್‌ನ ಕಾಲುಗಳು ಅವನನ್ನು ಕೇಳದೆಯೇ ಸಾಲಿನ ಬಾಲಕ್ಕೆ ಹೋಗಿ ನಿಂತವು.

"ಇದು ಯಾತರ ಸಾಲು?" ಎಂದು ಮುಂದಿನವನನ್ನು ಕೇಳಿದ.

"ಗೊತ್ತಿಲ್ಲಪ್ಪ. ಆದ್ರೆ ಚುರುಕಾಗಿ ಹೋಗ್ತಿದೆ" ಎಂದನು ಆತ, ತೃಪ್ತಿಯಿಂದ.

ಸಾಲಿನ ತುದಿಯಲ್ಲಿ ಫೆನೆಲ್ಲಾ ಎಂಬ ಲಂಡನ್ನಿನ ಹೆಂಗಸು ನಿಂತಿದ್ದಳು. ಮಂತ್ರಿಗಳು ಟಿವಿಯಲ್ಲಿ ಹೇಗೆ ಕಾಣಬೇಕು ಎಂದು ನೋಡಿಕೊಳ್ಳುವುದೇ ಅವಳ ಉದ್ಯೋಗ. ಮಂತ್ರಿಗಳ ಬೆನ್ನ ಹಿಂದೆ ಶ್ರಮಜೀವಿಗಳು ನಿಂತಿರಬೇಕು; ಕಾರ್ಖಾನೆಯ ಅರ್ಧ ಕೆಲಸಗಾರರು ಹಾಗೆ ನಿಲ್ಲುವುದಿಲ್ಲ ಎಂದು ಟೀ ಕುಡಿಯಲು ಹೋಗಿಬಿಟ್ಟಿದ್ದರು. ಹಾಗಾಗಿ ಓಣಿಯಲ್ಲಿ ಸಿಕ್ಕಿದವರನ್ನೆಲ್ಲ ಅವಳು ಶ್ರಮಜೀವಿಗಳನ್ನಾಗಿ ಮಾಡುತ್ತಿದ್ದಳು.

"ಬಂದದ್ದಕ್ಕೆ ತುಂಬಾ ಉಪಕಾರ ಆಯ್ತು. ದಯವಿಟ್ಟು ಈ ಬಿಳಿ ಕೋಟು ಹಾಕಿಕೊಳ್ತೀರಾ? ತಲೆಗೆ ಈ ಬಲೆ. ಮೀಸೆಗೂ ಒಂದು ಬಲೆ ಇದೆ, ದಯವಿಟ್ಟು. ಟೀಗೆ ಸಕ್ಕರೆ ಎಷ್ಟು?"

ನಾನು ಪ್ರಶ್ನೆ ಕೇಳಲು ಬಂದವನು ಎಂದು ಹೇಳಬೇಕೆಂದು ಬ್ರಯನ್ ಬಾಯಿ ತೆರೆದ. ಆದರೆ ಎರಡು ಸಲ ದಯವಿಟ್ಟು ಅಂದು, ಕೈಗೆ ಬಿಸಿ ಟೀಯನ್ನೂ ಕೊಟ್ಟವಳಿಗೆ ಎದುರು ಹೇಳುವುದು ಹೇಗೆ? "ಎರಡು ಚಮಚ. ಥ್ಯಾಂಕ್ಯೂ" ಎಂದ. ಐದು ನಿಮಿಷದಲ್ಲಿ ಅವನು ಬಲೆಗೆ ಬಿದ್ದ ಹಂದಿಮೀನಿನ ಹಾಗೆ ಮೂತಿಗೂ ತಲೆಗೂ ಬಲೆ ಹಾಕಿಕೊಂಡು, ಕ್ಯಾಮೆರಾಗಳ ಎದುರು, ಮಂತ್ರಿ ನಿಲ್ಲುವ ಜಾಗದ ಸರಿಯಾಗಿ ಹಿಂದೆ ನಿಂತಿದ್ದ. ಇದೂ ಒಳ್ಳೆಯದೇ ಆಯಿತು, ಇದಕ್ಕಿಂತ ಹತ್ತಿರ ಯಾರಿಗೆ ಸಿಗುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಪೆನ್‌ಹಾಲೋ ಸಾಹೇಬರೂ ಹಳದಿ ಪಕ್ಷದ ಮಂತ್ರಿಯೂ ಬಂದರು. ಕ್ಯಾಮೆರಾ ಹೊತ್ತಿಕೊಳ್ಳುವ ಮುಂಚೆ ಇಬ್ಬರೂ ಕೋಟು ಬಿಚ್ಚಿ, ಟೈ ಬಿಚ್ಚಿ, ಶರ್ಟಿನ ತೋಳು ಮಡಿಸಿದರು. ಬಿಚ್ಚಿದ್ದೆಲ್ಲ ಫೆನೆಲ್ಲಾಳ ತೋಳ ಮೇಲೆ ಬಿತ್ತು. ಅವಳು ನಡೆದಾಡುವ ಬಟ್ಟೆ ಗೂಟದ ಹಾಗಾದಳು. ಆ ಚಳಿಗೆ ಇಬ್ಬರು ಮಂತ್ರಿಗಳ ಕೈಮೇಲಿನ ರೋಮವೂ ಎದ್ದು ನಿಂತಿತು.

"ಕಷ್ಟದ ಕಾಲ" ಎಂದರು ನೀಲಿಯವರು.

"ಎಲ್ಲರಿಗೂ" ಎಂದರು ಹಳದಿಯವರು.

"ಎಲ್ಲರೂ ಹೊಟ್ಟೆ ಸ್ವಲ್ಪ ಕಟ್ಟಬೇಕು."

"ಸಂತೋಷವಾಗಿ."

ಕ್ಯಾಮೆರಾದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ ಫೆನೆಲ್ಲಾ ಮೆಲ್ಲಗೆ ತಲೆಯಾಡಿಸಿ ತೋರಿಸಿದಳು. ಮಾತಾಡುವವರ ಎದುರು ಮರದ ಬೊಂಬೆಯ ಹಾಗೆ ನಿಂತರೆ ಬ್ರಯನ್‌ಗೆ ಚಿಕ್ಕಂದಿನಲ್ಲಿ ತಾಯಿಯಿಂದ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಅವನೂ ತಲೆಯಾಡಿಸಿದ. ಒಂದು ಸಲ ಶುರುವಾದ ಮೇಲೆ ನಿಲ್ಲಿಸುವುದು ಎಲ್ಲಿ ಎಂದು ತಿಳಿಯಲಿಲ್ಲ.

ಭಾಷಣ ಮುಗಿಯಿತು. ಈಗ ಬಿಟ್ಟರೆ ಇನ್ನಿಲ್ಲ. ಬ್ರಯನ್ ಮೀಸೆಯ ಬಲೆಯನ್ನು ಗಲ್ಲಕ್ಕೆ ಎಳೆದು, ಮಂತ್ರಿಯ ಭುಜ ಮುಟ್ಟಿದ.

"ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಸರ್. ಟ್ಯಾನರಿ ಬೀದಿಯ ಊಟದ ಕ್ಲಬ್ ಮುಚ್ಚುತ್ತೀರೋ ಇಲ್ವೋ? ಹೌದು ಅನ್ನಿ, ಇಲ್ಲ ಅನ್ನಿ. ಬೇರೇನೂ ಬೇಡ."

ಕ್ಯಾಮೆರಾಗಳೆಲ್ಲ ಅವನ ಕಡೆ ತಿರುಗಿದವು. ಪೆನ್‌ಹಾಲೋ ಸಾಹೇಬರ ನಗು ಹಾಗೇ ನಿಂತಿತ್ತು, ಕಣ್ಣು ಮಾತ್ರ ಫೆನೆಲ್ಲಾಳನ್ನು ಹುಡುಕುತ್ತಿತ್ತು.

"ನಿಮ್ಮ ಹೆಸರು?"

"ಬ್ರಯನ್."

"ಬ್ರಯನ್, ಬಹಳ ಮುಖ್ಯವಾದ—"

"ಪ್ರಶ್ನೆ. ಗೊತ್ತು ಸರ್. ಉತ್ತರ?"

ವರದಿಗಾರರು ಕಿಸಕ್ಕೆಂದರು. ಮಂತ್ರಿಗಳು ಗಂಟಲು ಸರಿಮಾಡಿಕೊಂಡರು. "ಆ ಕ್ಲಬ್ ಅಂದ್ರೆ ನಿಮಗೆ ಅಷ್ಟು ಪ್ರೀತಿನಾ ಬ್ರಯನ್?"

"ಜೀವ ಸರ್."

"ನಿಮ್ಮ ಬೀದಿಯವರಿಗೂ?" ಎಂದರು ಹಳದಿಯವರು.

"ಎಲ್ಲರಿಗೂ. ಅದು ಉಳಿಯತ್ತೆ ಅಂದ್ರೆ ನಾವು ಏನು ಮಾಡೋಕೂ ತಯಾರು."

"ಏನು ಮಾಡೋಕೂ?"

"ಏನು ಮಾಡೋಕೂ."

ಮಂತ್ರಿಗಳಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪೆನ್‌ಹಾಲೋ ಸಾಹೇಬರು ಬ್ರಯನ್‌ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, "ಇಲ್ಲ. ಮುಚ್ಚೋದಿಲ್ಲ" ಎಂದುಬಿಟ್ಟರು.

ಫೆನೆಲ್ಲಾ ಎಂಬ ಗೂಟದಿಂದ ಎರಡು ಟೈಗಳು ಕೆಳಗೆ ಬಿದ್ದವು. ಹಳೆಯ ವರದಿಗಾರನೊಬ್ಬ ಬರೆಯುವುದನ್ನು ಬಿಟ್ಟು, ತನ್ನ ಕಿವಿಯಲ್ಲೇ ದೋಷವಿರಬೇಕೆಂದು ಪಕ್ಕದವನನ್ನು ಕೇಳಿದ. ಒಬ್ಬ ಮಂತ್ರಿ, ಕೇಳಿದ ಪ್ರಶ್ನೆಗೆ, ಅದೇ ಪ್ರಶ್ನೆಯ ಉತ್ತರ ಕೊಟ್ಟಿದ್ದ.

"ಥ್ಯಾಂಕ್ಯೂ ಸರ್. ತುಂಬಾ ಥ್ಯಾಂಕ್ಯೂ" ಎಂದ ಬ್ರಯನ್. ಕಣ್ಣಲ್ಲಿ ನೀರು ಬಂದಿತ್ತು.

ಗೇಟಿನ ಹೊರಗೆ ಸುದ್ದಿ ಹೇಳಿದ್ದೇ ತಡ ಮಾಲ್ಕಮ್ ಅವನನ್ನು ಎತ್ತಲು ನೋಡಿ ಸೊಂಟ ಹಿಡಿಸಿಕೊಂಡ. ಸಂಜೆ ಆರರ ವಾರ್ತೆಗೆ ಬೀದಿಯ ಅರ್ಧ ಜನ ಟಾಟರ್ಸಾಲ್ ಮನೆಯಲ್ಲಿ ಸೇರಿದರು. ಮಿಸೆಸ್ ಕ್ಲಫ್‌ಗೆ ಹೊಸ ಸ್ಪ್ರಿಂಗ್ ಇರುವ ಕಡೆ ಜಾಗ. ಡೋರೀನ್ ಗಂಡನ ಕೆನ್ನೆಗೆ ಎಲ್ಲರೆದುರೇ ಮುತ್ತು ಕೊಟ್ಟಳು. ಬ್ರಯನ್ ನಡೆದದ್ದನ್ನು ಮೂರು ಸಲ ಹೇಳಿದ. ಮೂರನೆಯ ಸಲ ಮಂತ್ರಿಗಳು ಬೆವತು ಹೋಗಿದ್ದರು.

ವಾರ್ತೆ ಶುರುವಾಯಿತು. ಪೆನ್‌ಹಾಲೋ ಸಾಹೇಬರು, "ಎಲ್ಲರೂ ಹೊಟ್ಟೆ ಸ್ವಲ್ಪ ಕಟ್ಟಬೇಕು" ಎಂದರು. ಅವರ ಹಿಂದೆ, ಮೀಸೆಗೆ ಬಲೆ ಹಾಕಿಕೊಂಡ ಒಬ್ಬ ಶ್ರಮಜೀವಿ, ಬಾವಿಯ ಕೊಡದ ಹಾಗೆ ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದ. ಕೂಡಲೇ ಚಿತ್ರ ಬದಲಾಯಿತು. ಅದೇ ಶ್ರಮಜೀವಿ ಒದ್ದೆ ಕಣ್ಣಿನಿಂದ, "ಥ್ಯಾಂಕ್ಯೂ ಸರ್. ತುಂಬಾ ಥ್ಯಾಂಕ್ಯೂ" ಎಂದ. ಆಮೇಲೆ ಫುಟ್‌ಬಾಲ್ ಬಂತು.



"ಪ್ರಶ್ನೆ ಎಲ್ಲೋ?" ಎಂದ ಮಾಲ್ಕಮ್.

"ಕೇಳಿದೆ! ದೇವರಾಣೆ ಕೇಳಿದೆ! ಅವರು ಕತ್ತರಿಸಿದ್ದಾರೆ!"

"ನಾನು ಮಳೇಲಿ ನಿಂತಿದ್ದೆ. ನೀನು ಒಳಗೆ ಅವನಿಗೆ ತಾಳ ಹಾಕ್ತಿದ್ದೆ."

"ಟೀನೂ ಕುಡಿದೆಯಾ ಮಗಾ?" ಎಂದು ಮಿಸೆಸ್ ಕ್ಲಫ್ ಕೇಳಿದಳು.

ಬ್ರಯನ್ ಸುಳ್ಳು ಹೇಳಲಾರದೆ ನೆಲ ನೋಡಿದ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಡೋರೀನ್ ಎದ್ದು, ಖಾಲಿ ತಟ್ಟೆಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡು ಹೋದದ್ದು.

ಆಗ ಬಾಗಿಲು ಬಡಿದ ಸದ್ದಾಯಿತು. ಕೌನ್ಸಿಲ್ ಕಚೇರಿಯ ಆರ್ಮರಾಡ್, ಒದ್ದೆ ಛತ್ರಿ ಮಡಿಸುತ್ತ ನಿಂತಿದ್ದ.

"ಊಟದ ಹೊತ್ತಲ್ಲಿ ಬಂದೆ, ಕ್ಷಮಿಸಿ. ಟ್ಯಾನರಿ ಬೀದಿಯ ಬ್ರಯನ್ ಅಂದ್ರೆ ನೀವೇನಾ? ಒಳ್ಳೆ ಸುದ್ದಿ. ಮಂತ್ರಿಗಳ ಕಡೆಯಿಂದ ಮಧ್ಯಾಹ್ನವೇ ಫೋನ್ ಬಂತು. ನಿಮ್ಮ ಊಟದ ಕ್ಲಬ್ ಮುಚ್ಚಲ್ಲ. ಸೋಮವಾರ ಎಂದಿನ ಹಾಗೇ ತೆರೆಯುತ್ತೆ."

ಮರುಕ್ಷಣ ಸೋಫಾ ಸಮೇತ ಎಲ್ಲರೂ ಎದ್ದರು. ಮಾಲ್ಕಮ್ ಬ್ರಯನ್‌ನ ಬೆನ್ನಿಗೆ ಹೊಡೆದ ಹೊಡೆತಕ್ಕೆ ಅವನ ಹಲ್ಲು ಕಟಕಟ ಎಂದವು. "ನನಗೆ ಗೊತ್ತಿತ್ತು! ನಾನು ಮೊದಲೇ ಹೇಳಲಿಲ್ವಾ?" ಎಂದು ಏನೂ ಹೇಳದವರೆಲ್ಲ ಹೇಳಿದರು. ಡೋರೀನ್ ಒದ್ದೆ ಕೈಯಲ್ಲೇ ಓಡಿಬಂದು ಗಂಡನನ್ನು ತಬ್ಬಿಕೊಂಡಳು.

"ಇದೊಂದನ್ನು ನಿಮಗೆ ಒಪ್ಪಿಸಿ ಹೋಗ್ತೀನಿ" ಎಂದು ಆರ್ಮರಾಡ್ ಜೇಬಿನಿಂದ ಚಾಪೆಲ್ ಹಾಲಿನ ಬೀಗದ ಕೈ ತೆಗೆದ. "ನಿಮಗೇನೂ ತೊಂದರೆ ಇಲ್ಲ ತಾನೆ?"

"ಛೆ ಛೆ, ಏನು ತೊಂದರೆ! ಸಂತೋಷ" ಎಂದು ಬ್ರಯನ್ ಕೈ ಚಾಚಿ ಈಸಿಕೊಂಡ. ಯಾರು ಏನೇ ಕೊಟ್ಟು ತೊಂದರೆಯಿಲ್ಲ ತಾನೆ ಎಂದು ಕೇಳಿದರೂ ಆ ಊರಿನವರ ಬಾಯಿಂದ ಬರುವುದು ಇದೊಂದೇ ಮಾತು. ಈಸಿಕೊಂಡ ಮೇಲೆ ಕೇಳಿದ: "ಇದು ನನಗ್ಯಾಕೆ?"

"ಇನ್ನು ಮೇಲೆ ಕ್ಲಬ್ ನಡೆಸೋರು ನೀವೇ ಅಲ್ವಾ? ಏನು ಮಾಡೋಕೂ ತಯಾರು ಅಂತ ಮಂತ್ರಿಗಳಿಗೆ ಮಾತು ಕೊಟ್ರಂತೆ. ಹೊಸ ಸರ್ಕಾರಕ್ಕೆ ಅದು ಎಷ್ಟು ಹಿಡಿಸಿದೆ ಅಂದ್ರೆ, ಬೀದಿಯವರೇ ನಡೆಸೋ ದೇಶದ ಮೊದಲ ಕ್ಲಬ್ ಇದೇ ಆಗಲಿ ಅಂದಿದ್ದಾರೆ. ಕೌನ್ಸಿಲ್ ಕೊಡೋ ಹಣ ನಾಳೆಗೆ ನಿಲ್ಲುತ್ತೆ. ಈಗಿರೋ ಅಡುಗೆಯವರಿಗೆ ನಾಳೆಯೇ ಕೊನೆ ದಿನ, ಪಾಪ. ಅವರ ಮನೆ ಎಲ್ಲಿ ಗೊತ್ತಾ? ಅವರಿಗೂ ಹೇಳಿ ಹೋಗಬೇಕಿತ್ತು."

ಡೋರೀನ್ ಗಂಡನ ಕುತ್ತಿಗೆಯಿಂದ ಕೈ ತೆಗೆದಳು. ಮಾಲ್ಕಮ್‌ಗೆ ನಾಯಿಯನ್ನು ಹೊರಗೆ ಕರೆದೊಯ್ಯುವುದು ನೆನಪಾಯಿತು. ಬಾಕಿಯವರಿಗೂ ಒಬ್ಬೊಬ್ಬರಿಗೆ ಒಂದೊಂದು ನೆನಪಾಗಿ, ಕೋಣೆ ಖಾಲಿಯಾಯಿತು.

ಮಿಸೆಸ್ ಕ್ಲಫ್ ಮಾತ್ರ ಕೋಲೂರಿ ನಿಧಾನಕ್ಕೆ ಎದ್ದಳು. "ಸೋಮವಾರ ಕುರಿ ಮಾಂಸ, ಆಲೂಗಡ್ಡೆ ಮಾಡು ಮಗಾ. ನನಗೆ ಹಲ್ಲಿಲ್ಲ, ಮೆತ್ತಗೆ ಬೇಯಿಸು. ಡೋರೀನ್ ಮಾಡೋ ಹಾಗೇ ಇರ್ಬೇಕು, ಆಯ್ತಾ?"

"ಆಯ್ತು ಮಿಸೆಸ್ ಕ್ಲಫ್, ಅದಕ್ಕೇನಂತೆ" ಎಂದ ಬ್ರಯನ್.

ಹೀಗೆ ಟ್ಯಾನರಿ ಬೀದಿಯ ಊಟದ ಕ್ಲಬ್ಬು ಉಳಿಯಿತು. ಡೋರೀನ್‌ಗೆ ವಾರಕ್ಕೆ ಬರುತ್ತಿದ್ದ ನೂರ ಹದಿನೆಂಟು ಪೌಂಡು ಹೋಯಿತು. ಬ್ರಯನ್‌ಗೆ ಕೆಲಸ ಸಿಕ್ಕಿತು, ಸಂಬಳವಿಲ್ಲದ್ದು.