ತೂಕ ಬೇಡದ ಪೇಟೆಗೆ ತಕ್ಕಡಿ

ಹತ್ತು ವರ್ಷದ ಯೋಜನೆ ಹಾಕಿಕೊಂಡ ಕಂಪನಿಯಲ್ಲಿ ಕೆಲಸಕ್ಕಿದ್ದರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ಯೋಜನೆ ಕೇಳಿದವರೇ ನಗುವನ್ನೂ ಒದಗಿಸುತ್ತಾರೆ. ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಸೇರಿದ್ದು ಹೊನ್ನಾವರದ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಕಂಪನಿಗೆ. ಎರಡು ಬಾಡಿಗೆ ಕೋಣೆ, ಕಂಪನಿ ಕಟ್ಟಿದ ಒಬ್ಬರು ಸರ್, ಒಬ್ಬ ನಾನು. ಇಸವಿ ಎರಡು ಸಾವಿರದ ಆಸುಪಾಸು.

೧. ಯೋಜನೆ ಮತ್ತು ಬಾಡಿಗೆ

ಕಿರಾಣಿ ಅಂಗಡಿಗಳಿಗೆ ದೊಡ್ಡ ಕಂಪನಿಗಳು ಆಗಲೇ ತಕ್ಕಡಿ ಮಾರಿ ಮುಗಿಸಿದ್ದವು. ಸರ್ ಯಾರೂ ಹೋಗದ ಜಾಗ ಆರಿಸಿದರು: ಮೀನುಪೇಟೆ.

"ಹೊನ್ನಾವರ, ಕುಮಟಾ, ಭಟ್ಕಳ, ಮೂರು ಕಡೆಯೂ ಮೀನಿನ ಬುಟ್ಟಿಯ ಹತ್ತಿರ ತಕ್ಕಡಿ ಇಲ್ಲ. ಹತ್ತು ವರ್ಷದಲ್ಲಿ ಪ್ರತಿ ಬುಟ್ಟಿಯ ಪಕ್ಕದಲ್ಲೂ ನಮ್ಮದು ಇರುತ್ತದೆ."

ಕಟ್ಟಡದ ಯಜಮಾನರು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಮೊದಲ ಟೀಕಾಕಾರರು ಅವರೇ.

"ಅಲ್ಲಾ ಮಾರಾಯ್ರೆ, ಅಲ್ಲಿ ತಕ್ಕಡಿ ಇಲ್ದೆ ಇರೂದು ಯಾರೂ ಮಾರೂಕೆ ಹೋಗ್ಲಿಲ್ಲ ಅಂತ ಅಲ್ಲ. ಯಾರಿಗೂ ಬೇಡ ಅಂತ."

"ಅದೇ ಅವಕಾಶ."

"ಹಂಗಾರೆ ಹತ್ತು ವರ್ಷದ ಬಾಡಿಗೆ ಈಗ್ಲೇ ಕೊಡಿ ಕಾಂಬ."

ಸರ್ ಅಲುಗಲಿಲ್ಲ. "ಯೋಜನೆ ದೀರ್ಘಾವಧಿಯದು. ಬಾಡಿಗೆ ತಿಂಗಳಿನದು."

ಯಜಮಾನರು ಹೋದ ಮೇಲೆ ಸರ್ ದನಿ ತಗ್ಗಿಸಿದರು. "ದೀಪಾವಳಿಯೊಳಗೆ ಇಲ್ಲಿಯ ಪೇಟೆಯಲ್ಲಿ ಒಂದಾದರೂ ತಕ್ಕಡಿ ಬಳಕೆಗೆ ಬರಬೇಕು. ಇಲ್ಲದಿದ್ದರೆ ಕೋಣೆ ಖಾಲಿ ಮಾಡುವುದೇ." ನನ್ನದು ಮೊದಲ ನೌಕರಿ. ನನ್ನೂರು ಮಂಕಿಯಲ್ಲಿ ಅಮ್ಮ ಆಗಲೇ ಕೇರಿಗೆಲ್ಲ ಹೇಳಿಯಾಗಿತ್ತು. ಬಾಡಿಗೆಯಂತೆ ನನ್ನ ಮರ್ಯಾದೆಯೂ ತಿಂಗಳಿಂದ ತಿಂಗಳಿಗೆ ನಡೆಯತೊಡಗಿತು.

೨. ಜಗಳದ ಗುಂಡಿ

ನಮ್ಮ ಕಡೆ ಬಂಗಡೆ, ತಾರ್ಲೆ ಮೀನುಗಳು ಪಾಲಿನ ಲೆಕ್ಕದಲ್ಲಿ ಹೋಗುತ್ತವೆ. ಮೀನನ್ನು ಸಣ್ಣ ಸಣ್ಣ ರಾಶಿ ಮಾಡಿಟ್ಟಿರುತ್ತಾರೆ, ಒಂದೊಂದು ರಾಶಿ ಒಂದೊಂದು ಪಾಲು. ಗಿರಾಕಿ ಕಡಿಮೆ ಎನ್ನುತ್ತಾನೆ, ಮಾರುವವಳು ಬಯ್ಯುತ್ತಾಳೆ, ಕೊನೆಗೆ ಕೊಸರೆಂದು ಮೇಲೊಂದು ಮೀನು ಎಸೆಯುತ್ತಾಳೆ. ಇಬ್ಬರಿಗೂ ಗೆದ್ದಂತೆ.

ಪೇಟೆಯ ಬಾಗಿಲ ಬಳಿ ಕೂರುವ ಅಕ್ಕನ ಮುಂದೆ ನಾನು ತಕ್ಕಡಿ ಇಟ್ಟು, ಒಂದು ಪಾಲು ಹಾಕಿ, ಕೆಂಪು ಅಂಕಿ ತೋರಿಸಿದೆ.

"ನೋಡಿ ಅಕ್ಕ, ಇನ್ನು ಜಗಳವೇ ಇಲ್ಲ."

ಅವಳು ಗಾಬರಿಯಾದಳು. "ಎಂತ? ಜಗಳ ಇಲ್ವಾ? ತಮ್ಮಾ, ಜಗಳ ಮಾಡ್ದೆ ಹೋದ ಗಿರಾಕಿ ನಾಳೆ ಬರೂದಿಲ್ಲ. ನಾ ದಿನಾ ಮಾತಾಡೂದು ಯಾರ ಸಂಗ್ತಿಗೆ, ಈ ಡಬ್ಬದ ಸಂಗ್ತಿಗಾ?"

ನಾನು ಹೇಳಿದ್ದನ್ನೆಲ್ಲ ಸರ್ ಗಂಭೀರವಾಗಿ ಕೇಳಿದರು. ಮರುದಿನ ಗೋಡೆಯ ಮೇಲಿನ ಯೋಜನೆಯಲ್ಲಿ ಹೊಸ ಸಾಲು ಸೇರಿತ್ತು: "ಐದನೇ ವರ್ಷ: ತಕ್ಕಡಿಗೆ ಕೊಸರಿನ ಗುಂಡಿ."

೩. ಅಭ್ಯಾಸ ಹಿಡಿಸುವುದು

ಜನರಿಗೆ ಮೊದಲು ತೂಗುವ ಅಭ್ಯಾಸ ಹಿಡಿಸಬೇಕು ಎಂದರು ಸರ್. ಮನುಷ್ಯ ಹತ್ತಿ ನಿಲ್ಲುವಷ್ಟು ದೊಡ್ಡ ತಕ್ಕಡಿಯನ್ನು ಪೇಟೆಯಲ್ಲಿ ಪುಕ್ಕಟೆ ಇಟ್ಟೆವು.

ಅಭ್ಯಾಸ ಹಿಡಿಯಿತು. ಬಸ್ಸಿಗೆ ಕಾಯುವವರು ಹತ್ತಿದರು. ಬೀಗರು ಬೀಗರನ್ನು ಕರೆತಂದು ಹತ್ತಿಸಿದರು. ಒಬ್ಬರು ಊಟಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಬಂದು, ವ್ಯತ್ಯಾಸ ಸಾಲದೆಂದು ಹೋಟೆಲಿನವನನ್ನು ಬೈದರು. ಕರ್ಕಿಯ ಯಕ್ಷಗಾನದ ರಾಕ್ಷಸ ವೇಷಧಾರಿಯೊಬ್ಬರು ತಮ್ಮ ವೇಷದ ಪೆಟ್ಟಿಗೆಯನ್ನೂ ರಾಜವೇಷದವರ ಪೆಟ್ಟಿಗೆಯನ್ನೂ ತೂಗಿಸಿ, "ಭಾರ ಹೊರೂದು ನಾನು, ಹೆಸರು ಅವಂಗೆ" ಎಂದು ಅಲ್ಲೇ ಸಾಕ್ಷಿಗಳನ್ನು ಕಲೆಹಾಕಿದರು.

ವಾರದೊಳಗೆ ಇಡೀ ಪೇಟೆಯಲ್ಲಿ ತೂಗದೆ ಉಳಿದದ್ದು ಮೀನು ಮಾತ್ರ.

೪. ಶಿರಾಲಿಯ ಸಹಕಾರ

ಶಿರಾಲಿಯ ತೆಂಗಿನಕಾಯಿ ವ್ಯಾಪಾರಿಗೆ ಯೋಜನೆಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ. ಹತ್ತು ವರ್ಷದಲ್ಲಿ ಕಾಯಿಯನ್ನೂ ಯಾರೂ ಎಣಿಸುವುದಿಲ್ಲ, ಎಲ್ಲ ತೂಕ ಎಂದೆ. ಅವರು ಒಂದೂ ಅಡ್ಡಮಾತಾಡಲಿಲ್ಲ. ಚಾ ತರಿಸಿದರು. ಎಳನೀರೂ ಕೊಟ್ಟರು. ಬಸ್ಸು ಹತ್ತಿಸಿ ಹೇಳಿದರು:

"ಆತು. ಹತ್ತು ವರ್ಷ ಆದ ಕೂಡ್ಲೆ ಬನ್ನಿ."

೫. ದೀಪಾವಳಿಯ ಮುಂಚಿನ ವಾರ

ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿದವು. ಸರ್ ಒಂದು ಸಣ್ಣ ತಕ್ಕಡಿಯನ್ನು ಅದೇ ಅಕ್ಕನಿಗೆ ದೀಪಾವಳಿಯವರೆಗೆ ಪುಕ್ಕಟೆ ಕೊಟ್ಟರು. "ಬೇಡ ಆದ್ರೆ ಬುಟ್ಟಿ ಇಡೂಕೆ ಆತದೆ" ಎಂದು ಅವಳು ಇಟ್ಟುಕೊಂಡಳು. ಕೊನೆಯ ವಾರ ಬಂದರೂ ಅವಳಿಂದ ಸುದ್ದಿಯಿಲ್ಲ. ಸರ್ ಗೋಡೆಯ ಯೋಜನೆಯನ್ನು ನೋಡುವುದನ್ನು ಬಿಟ್ಟಿದ್ದರು. ನಾನು ಬೇರೆ ಕೆಲಸಕ್ಕೆ ಅರ್ಜಿ ಬರೆಯಲು ಕಾಗದ ತಂದಿಟ್ಟಿದ್ದೆ.

ಆಗ ಕಟ್ಟಡದ ಯಜಮಾನರು ಮೀನಿನ ಚೀಲ ಹಿಡಿದು ಒಳಗೆ ಬಂದರು. ಬಾಡಿಗೆಗೆ ಎಂದುಕೊಂಡೆವು.

"ನಂದು ತಪ್ಪಾತು ಮಾರಾಯ್ರೆ," ಎಂದರು. "ನಿಮ್ಮ ಮಿಷನ್ ಭಾರೀ ಲಾಯ್ಕ. ಅದು ಇಷ್ಟೇ ಅಂತು. ಆದ್ರೂ ಆ ಬಾಗಿಲ ಹತ್ರದವಳು ನಂಗಂತ ಮೇಲೆರಡು ಬಂಗಡೆ ಹಾಕಿದ್ಲು. ಮೊದ್ಲು ಒಂದಕ್ಕೂ ಬಾಯಿ ಮಾಡೂಕಿತ್ತು!"

ನಾನು ಪೇಟೆಗೆ ಓಡಿದೆ. ಅಕ್ಕನ ಮುಂದೆ ಜನ ತುಂಬಿದ್ದರು. ಅವಳು ಪಾಲನ್ನು ತಕ್ಕಡಿಯ ಮೇಲಿಡುತ್ತಿದ್ದಳು, ಬಗ್ಗಿ ನೋಡುತ್ತಿದ್ದಳು, ನಿಟ್ಟುಸಿರು ಬಿಡುತ್ತಿದ್ದಳು. "ಮಿಷನ್ ಸಾಕು ಅಂತದೆ. ಅದಕ್ಕೆಂತ ಗೊತ್ತು, ನಿಮ್ಮನೇಲಿ ಮಕ್ಕಳಿದ್ದಾರೆ. ತಗಣಿ ಇನ್ನೊಂದು." ಗಿರಾಕಿಗಳು ತಕ್ಕಡಿಯನ್ನು ಬೈದು ಅವಳನ್ನು ಹೊಗಳಿ ಹೋಗುತ್ತಿದ್ದರು. ಸುತ್ತಲಿನ ಹೆಂಗಸರು ನನ್ನನ್ನು ಕಂಡದ್ದೇ, "ತಮ್ಮಾ, ನಂಗೊಂದು ಡಬ್ಬ!" "ನಂಗೂ!" ಎಂದು ಮುತ್ತಿದರು.

ಹೆಮ್ಮೆಯಿಂದ ಅಂಕಿ ನೋಡಲು ಬಗ್ಗಿದೆ. ಅಂಕಿಯೇ ಇರಲಿಲ್ಲ.

"ಅಕ್ಕ, ಇದರ ಬ್ಯಾಟರಿ ಸತ್ತಿದೆ!"

"ಶ್! ಅದು ಸತ್ತು ಎಷ್ಟು ದಿವ್ಸ ಆತು. ಬೆಳಕಿತ್ತಲ್ಲ, ಆವಾಗ ಎಲ್ಲಾ ಬಗ್ಗಿ ಬಗ್ಗಿ ಓದ್ತಿದ್ರು, ಯಾಪಾರನೇ ಇಲ್ಲ. ಈಗ ನಾ ಓದಿ ಹೇಳ್ತೆ."

ಕೋಣೆಗೆ ಬಂದು ಸರ್‌ಗೆ ಎರಡನ್ನೂ ಹೇಳಿದೆ: ಪೇಟೆಯ ಅರ್ಧ ಹೆಂಗಸರಿಗೆ ತಕ್ಕಡಿ ಬೇಕು, ಯಾರಿಗೂ ಬ್ಯಾಟರಿ ಬೇಡ. ಸರ್ ಎದ್ದು, ಬಹಳ ದಿನದ ಮೇಲೆ ಪೆನ್ನು ಹಿಡಿದು ಗೋಡೆಯ ಹತ್ತಿರ ಹೋದರು.

"ಎಲ್ಲ ಯೋಜನೆಯ ಪ್ರಕಾರವೇ ನಡೆದಿದೆ," ಎಂದರು. "ತಕ್ಕಡಿ ಮೊದಲ ಹಂತ. ತೂಕ ಎರಡನೇ ಹಂತ."