ಅಧಿಕ ಮಾಸದ ಪಾಳಿ

ಆ ಅಮಾವಾಸ್ಯೆಯ ಸಂಜೆ ಕೊಟ್ಟೂರಿನಲ್ಲಿ ನಮ್ಮಣ್ಣನ ಮನೆಯ ಪಡಸಾಲೆಯಲ್ಲಿ ಸೇರಿದ್ದವರು ನಾಲ್ವರು. ಕಾಳಿನ ಅಂಗಡಿ ಇಟ್ಟಿದ್ದ ಅಣ್ಣ ಬಸಣ್ಣ, ಹರಪನಹಳ್ಳಿಯಿಂದ ಬಂದಿದ್ದ ತಮ್ಮ ವೀರೇಶ, ಹಗರಿಬೊಮ್ಮನಹಳ್ಳಿಯಲ್ಲಿ ಮೇಷ್ಟ್ರಾಗಿದ್ದ ನಾನು, ಮತ್ತು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಶಾಂತಕ್ಕ. ಐದನೆಯವಳು ಗೌರತ್ತೆ. ಸೇರಿದ್ದೇ ಅವಳ ವಿಷಯಕ್ಕಾದ್ದರಿಂದ ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿ ಮೂಲೆಯ ಹೊರಸಿನ ಮೇಲೆ ಮಲಗಿದ್ದಳು. ಕಿವಿ ಮಾತ್ರ ಎರಡೂ ನೆಟ್ಟಗಿದ್ದವು.

ಗೌರತ್ತೆ ನಮ್ಮಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನಮ್ಮವ್ವ ತೀರಿಕೊಂಡ ಮೇಲೆ ನಮ್ಮ ಮೂವರನ್ನೂ ಸಾಕಿದಳು. ನಾನಾಡುವ ಮಾತೆಲ್ಲ ಅವಳ ಬಾಯಿಂದ ಕಲಿತದ್ದು. ಬೈಗುಳವಂತೂ ಒಂದೂ ಬಿಡದೆ. ಈಗ ಅವಳಿಗೆ ಬೇಕಾಗಿದ್ದು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವ ಕೈ. ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಹುಣ್ಣಾದರೆ ಜೀವ ಉಳಿಯುವುದು ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅತ್ತಿಗೆ, "ನಾನು ನೋಡ್ಕೊಂತೀನ್ರಿ. ಆದ್ರ ಒಬ್ಬಾಕಿ ಕೈಲಿ ಎತ್ತಾಕ ಆಗಂಗಿಲ್ಲ. ನಿಮ್ಮ ಮೂವರಾಗ ಒಬ್ಬರು ಜೊತಿಗೆ ನಿಲ್ರಿ" ಅಂದಳು. ನಾವು ಮೂವರೂ ಚಹಾ ಬಹಳ ಬಿಸಿಯಾಗಿದೆ ಎಂಬಂತೆ ಊದತೊಡಗಿದೆವು.

ಸರ್ಕಾರದಿಂದ ಏನಾದರೂ ಬಂದೀತೆಂದು ಅದಕ್ಕೂ ಮೊದಲೇ ಕೂಡ್ಲಿಗಿಯ ತಾಲೂಕು ಕಚೇರಿಗೆ ಹೋಗಿದ್ದೆವು. ಅಲ್ಲಿನ ಗುಮಾಸ್ತರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಮೂರು ಮಂದಿ ಗಟ್ಟಿಮುಟ್ಟಾಗಿ ಬಂದು ನಿಂತೀರಿ. ಈಕಿ ದಿಕ್ಕಿಲ್ಲದಾಕಿ ಅಂತ ನಾನು ಹ್ಯಾಂಗ ಬರೀಲ್ರಿ?" ಅಂದಿದ್ದರು. ಆ ದಿನ ನಮಗೆ ಸಿಟ್ಟು ಬಂದಿತ್ತು. ಉಳಿದದ್ದು ದಾವಣಗೆರೆಯ ಒಂದು ನರ್ಸಿಂಗ್ ಹೋಮ್. ಇಂಥ ಮುದುಕರನ್ನು ತಿಂಗಳ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಗ್ಗುಲು ಬದಲಿಸುವ ಆಯಾಗೆ ಮಾತ್ರ ನಾವೇ ಬೇರೆ ಕೊಡಬೇಕು, ಹೋಗಿ ಕೈಯಲ್ಲೇ ಕೊಡಬೇಕು.

ಹಣದ ಮಾತು ಬಂದಾಗ ನಮ್ಮ ಮನೆತನಕ್ಕೆ ಗೊತ್ತಿದ್ದ ದಾರಿ ಒಂದೇ: ಪಾಳಿ. ಓಣಿಯ ಕೊನೆಯ ಈಶ್ವರನ ಗುಡಿಯ ಸಂಜೆದೀಪ ನಮ್ಮದು. ಅಣ್ಣತಮ್ಮಂದಿರಿಗೆ ಒಂದೊಂದು ತಿಂಗಳು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಪಾಳಿಯವನು ಊರಲ್ಲಿ ಇಲ್ಲದಿದ್ದರೆ ಎಣ್ಣೆ ಕೊಟ್ಟು ಪೂಜಾರಿಗೆ ಒಪ್ಪಿಸಬೇಕು. ಅದೇ ಕ್ರಮವನ್ನು ಅತ್ತೆಗೂ ಹಚ್ಚಿದೆವು. ನರ್ಸಿಂಗ್ ಹೋಮಿನವರು ಒಂದನೇ ತಾರೀಖು ಕೇಳಿದರು. ನಾವು ಅಮಾವಾಸ್ಯೆ ಅಂದೆವು. ಪಾಪ, ಆ ಕ್ಯಾಷಿಯರು ಸೋತು, ಕುರ್ಚಿಯ ಹಿಂದೆ ಪಂಚಾಂಗದ ಕ್ಯಾಲೆಂಡರು ತೂಗುಹಾಕಿಕೊಂಡ. ಮೂವರಲ್ಲಿ ಯಾರನ್ನು ಕಂಡರೂ, "ಅಮಾಸಿ ಬಂತು, ಬರ್ರಿ ಸ್ವಾಮಿ" ಎಂದು ಬರಮಾಡಿಕೊಳ್ಳುತ್ತಿದ್ದ. ಪಾಳಿ ಗಡಿಯಾರದಂತೆ ನಡೆಯಿತು. ಊರಲ್ಲಿ ನಮ್ಮ ಹೆಸರು ಹೇಳಿ ಬೇರೆ ಮನೆಯ ಅಣ್ಣತಮ್ಮಂದಿರಿಗೆ ಬುದ್ಧಿ ಹೇಳುವಷ್ಟಾಯಿತು.

ಆಮೇಲೆ ಅಧಿಕ ಜ್ಯೇಷ್ಠ ಬಂತು.

ಈ ಅಧಿಕ ಮಾಸದ ಸಂಗತಿ ಸ್ವಲ್ಪ ಹೇಳಬೇಕು. ವರ್ಷದ ಹನ್ನೆರಡು ತಿಂಗಳು ಮೂವರಿಗೆ ಸಮನಾಗಿ ಹಂಚಿಹೋದ ಗುಡಿಯ ಪಾಳಿಯಲ್ಲಿ ಹದಿಮೂರನೆಯದಾಗಿ ಬರುವ ಆ ತಿಂಗಳು ಯಾರದೂ ಅಲ್ಲ, ಮೂವರದೂ ಹೌದು. ಆದ್ದರಿಂದ ಮೂವರೂ ಎಣ್ಣೆ ಕೊಡುತ್ತಿರಲಿಲ್ಲ. ಆ ತಿಂಗಳೆಲ್ಲ ಗೌರತ್ತೆಯೇ ಅಡಿಗೆಮನೆಯ ಎಣ್ಣೆ ಬಟ್ಟಲಿಗೆ ಸುರಿದುಕೊಂಡು, ಸೆರಗು ಮುಚ್ಚಿ ಗುಡಿಗೆ ಹೋಗುತ್ತಿದ್ದಳು. "ಮೂರು ಮಂದಿ ಗಂಡಸ್ರಿರೋ ಮನಿ. ದೇವ್ರು ಕತ್ತಲಾಗ ಕುಂತಾನ" ಎಂದು ಬೈಯುತ್ತಲೇ ಹೋಗುತ್ತಿದ್ದಳು. ಈಗ ಆ ತಿಂಗಳ ದೀಪ ಹಚ್ಚುವವಳೇ ದಾವಣಗೆರೆಯಲ್ಲಿ ಮಲಗಿದ್ದಳು.

ನರ್ಸಿಂಗ್ ಹೋಮಿನವರು ಅಂಗಡಿಗೆ ಫೋನು ಮಾಡಿದರು. ಅಣ್ಣ, "ಈ ತಿಂಗಳು ನಂದಲ್ರಿ, ನಮ್ಮ ಮೇಷ್ಟ್ರನ್ನ ಕೇಳ್ರಿ" ಅಂದ. ಶಾಲೆಗೆ ಫೋನು ಬಂತು. ಹೆಡ್ಮಾಸ್ತರ ಎದುರು ನಾನು ಬಹಳ ಗಂಭೀರವಾಗಿ ವೀರೇಶನ ನಂಬರು ಕೊಟ್ಟೆ. ವೀರೇಶ ಅಣ್ಣನ ನಂಬರು ಕೊಟ್ಟ. ಹೀಗೆ ಅವರ ಫೋನು ಮೂರು ಊರು ಸುತ್ತುತ್ತಿರುವಾಗ, ಅತ್ತ ಆಯಾ ಕೈಗೆ ಏನೂ ಬಾರದ್ದು ನೋಡಿ ಬೇರೆ ರೋಗಿಯ ಮಂಚಕ್ಕೆ ಹೋದಳು. ಮೂವರಲ್ಲಿ ಒಬ್ಬರು ಹೋಗಿದ್ದರೂ ಕಾಣುತ್ತಿತ್ತು. ಒಬ್ಬರು ಹೋಗಿರುತ್ತಾರೆ ಎಂದೇ ಮೂವರೂ ನಂಬಿದ್ದೆವು.

ತಿಂಗಳ ಕೊನೆಗೆ ನರ್ಸಿಂಗ್ ಹೋಮಿನವರು ಅತ್ತೆಯನ್ನು ವಾಪಸು ಕಳಿಸಿದ ವ್ಯಾನು ಅಣ್ಣನ ಅಂಗಡಿಯ ಮುಂದೆ ನಿಂತಿತು. ಸುದ್ದಿ ಕೇಳಿ ನಾನೂ ವೀರೇಶನೂ ಓಡಿದೆವು. ಗೌರತ್ತೆ ಅದೇ ಹೊರಸಿನ ಮೇಲಿದ್ದಳು. ನಮ್ಮ ಮೂವರನ್ನೂ ಒಟ್ಟಿಗೆ ನೋಡಿ, ಒಂದು ಕಡೆಗೆ ಜಗ್ಗಿದ ಬಾಯಲ್ಲಿ, "ಅಧಿಕ ಬಂದಿತ್ತೇನಲೇ?" ಅಂದಳು. ಆಮೇಲೆ ನಕ್ಕಳು. ಅವಳು ನಕ್ಕಿದ್ದಕ್ಕೆ ನಾವೂ ಸ್ವಲ್ಪ ನಕ್ಕೆವು. ಅಷ್ಟರಲ್ಲಿ ಅತ್ತಿಗೆ ಅವಳನ್ನು ಮಗ್ಗುಲಿಗೆ ಹೊರಳಿಸಿ, "ಬರ್ರಿ. ಮೂರೂ ಮಂದಿ ಬಂದು ನೋಡ್ರಿ" ಅಂದಳು. ನೋಡಿದೆವು. ಆ ಬೆನ್ನನ್ನು ಇಲ್ಲಿ ವರ್ಣಿಸಲಾರೆ.

ಆಮೇಲೆ ಅತ್ತಿಗೆಯ ಜೊತೆ ಕೈ ಹಾಕಿದ್ದು ಓಣಿಯ ಹೆಂಗಸರು. ಎದುರು ಮನೆಯ ಹುಸೇನಬಿ ನೀರು ಕಾಯಿಸಿಕೊಂಡು ಬರುತ್ತಿದ್ದಳು, ಹಿಂದಿನ ಮನೆಯ ಕೊಟ್ರಮ್ಮ ಗಂಜಿ ತರುತ್ತಿದ್ದಳು. ಇದಕ್ಕೊಂದು ವ್ಯವಸ್ಥೆ ಇರಲಿ ಎಂದು ನಾನು, "ಯಾರ್ಯಾರು ಯಾವಾಗ ಬರ್ತೀರಿ, ಒಂದು ಪಾಳಿ ಮಾಡಿಬಿಡೋಣೇನವ್ವ?" ಎಂದೆ. ಹುಸೇನಬಿ ತಿರುಗಿಯೂ ನೋಡದೆ, "ಪಾಳಿ ಹಚ್ಚಾಕ ಇದೇನು ನಳದ ನೀರೇನ್ರಿ ಮೇಷ್ಟ್ರ? ಸರೀರಿ ಅತ್ತಾಗ, ಬಟ್ಟಿ ಬದಲಿ ಮಾಡಬೇಕು" ಅಂದಳು. ನಾನು ಸರಿದೆ. ಸರಿಯುವುದರಲ್ಲಿ ನಮ್ಮ ಮೂವರಿಗೂ ಒಳ್ಳೆಯ ಅಭ್ಯಾಸವಿತ್ತು.

ಕಾರಹುಣ್ಣಿಮೆಯ ಬೆಳಿಗ್ಗೆ ಗೌರತ್ತೆ ತೀರಿಕೊಂಡಳು. ಹೆಗಲು ಕೊಡುವುದಕ್ಕೆ ಪಾಳಿ ಇರಲಿಲ್ಲವಾಗಿ ಮೂವರೂ ಒಟ್ಟಿಗೇ ಕೊಟ್ಟೆವು. ನಮ್ಮ ಒಗ್ಗಟ್ಟನ್ನು ಕಂಡು ಊರವರು ಕಣ್ಣೀರು ಹಾಕಿದರು.

ಎರಡು ವರ್ಷ ಕಳೆದು ಅಧಿಕ ಆಶ್ವೀಜ ಬಂತು. ಅಷ್ಟರಲ್ಲಿ ನನಗೆ ಕೊಟ್ಟೂರಿಗೇ ವರ್ಗವಾಗಿತ್ತು. ಒಂದು ಸಂಜೆ ಮನಸ್ಸು ತಡೆಯದೆ ಗುಡಿಗೆ ಹೋದೆ. ದೀಪ ಉರಿಯುತ್ತಿತ್ತು. ಸದ್ಯ, ಅಣ್ಣನಿಗೆ ಬುದ್ಧಿ ಬಂದಿದೆ ಎಂದು ಸಮಾಧಾನದಿಂದ ಅವನ ಮನೆಗೆ ಹೋದೆ. ಅವನು ಪಡಸಾಲೆಯಲ್ಲಿ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ, "ಗುಡಿ ದೀಪ ನೋಡಿ ಬಂದೆ. ಚೊಲೋ ಮಾಡಿದಿ ಬಿಡಪ್ಪ" ಅಂದ. ಅತ್ತಿಗೆ ಚಹಾ ತಂದು ಇಬ್ಬರ ಮುಂದೆಯೂ ಇಟ್ಟಳು. ಅವಳ ಸೆರಗಿನ ತುದಿಗೆ ಎಣ್ಣೆ ಹತ್ತಿತ್ತು.